ದೋಣಿಗೆ ಒಯ್ಯಬಾರದ ನಕ್ಷೆ

ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲೊಂದು ಸಣ್ಣ ನಡುಗಡ್ಡೆ. ಅಲ್ಲಿ ಅಲೆಗಳ ಚಲನೆಯಿಂದಲೇ ದಾರಿ ತಿಳಿದು ದೋಣಿ ನಡೆಸಬಲ್ಲವನೆಂದರೆ ಮುದುಕ ಲೊಕ್ರಾಪ್ ಒಬ್ಬನೇ. ತಂಗಿಯ ಮಗ ಲಾಂಜಿಲ್‌ಗೆ ಅವನು ಒಂಬತ್ತು ವರ್ಷ ಆ ವಿದ್ಯೆ ಕಲಿಸಿದ್ದ.

ಮುದುಕನ ಹತ್ತಿರ ತೆಂಗಿನ ಕಡ್ಡಿಗಳನ್ನು ಬಾಗಿಸಿ ಕಟ್ಟಿದ ನಕ್ಷೆಯೊಂದಿತ್ತು. ಕಡ್ಡಿಗಳು ಅಲೆಗಳ ದಾರಿ, ಕವಡೆಗಳು ದ್ವೀಪ ಮತ್ತು ಬಂಡೆ.

"ಇದನ್ನು ದಡದಲ್ಲೇ ನೋಡಿ ಮುಗಿಸು. ದೋಣಿಯಲ್ಲಿ ತಳಕ್ಕೆ ಬೆನ್ನು ಹಚ್ಚಿ ಮಲಗು. ಅಲೆ ಏನಿದ್ದರೂ ಬೆನ್ನಿಗೇ ಹೇಳುವುದು" ಎನ್ನುತ್ತಿದ್ದ.

ಆ ವರ್ಷ ಚಂಡಮಾರುತ ದೀವಿಹಲಸಿನ ಮರಗಳನ್ನೆಲ್ಲ ಉರುಳಿಸಿತು. ಕೆಸುವಿನ ಗುಂಡಿಗಳಿಗೆ ಉಪ್ಪುನೀರು ನುಗ್ಗಿತು. ಮರದಡಿ ಸಿಕ್ಕಿ ಲೊಕ್ರಾಪನ ಎರಡೂ ಕಾಲು ಮುರಿದವು. ಅಳಿದುಳಿದವರು ಹಸಿವಿಗೆ ಒಬ್ಬೊಬ್ಬರಾಗಿ ಸಾಯತೊಡಗಿದರು.

ದಕ್ಷಿಣದಲ್ಲಿದ್ದ ನಂಟರ ದ್ವೀಪಕ್ಕೆ ಎರಡು ದೋಣಿ ಹೊರಟವು. ಮುಂದಿನದನ್ನು ಲಾಂಜಿಲ್ ನಡೆಸಿದ. ಅದನ್ನೇ ಹಿಂಬಾಲಿಸಿದ ಇನ್ನೊಂದರಲ್ಲಿ ಹನ್ನೊಂದು ಜನ. ಅವರಲ್ಲಿ ಮುದುಕನ ಮಗಳು ಲಿಮೇಜುವೂ ಒಬ್ಬಳು.

ಉಳಿದವರನ್ನು ಕರೆದೊಯ್ಯಲು ಹದಿನಾರನೆಯ ದಿನ ಲಾಂಜಿಲ್ ಮರಳಿದ. ಬಂದದ್ದು ಒಂದೇ ದೋಣಿ.

ಅವನು ಚಾಪೆಯ ಮಡಿಕೆಯಿಂದ ಕಡ್ಡಿ ನಕ್ಷೆ ತೆಗೆದು, ಗುಡಿಸಲಲ್ಲಿ ಕೂತಿದ್ದ ಗುರುವಿನ ಮುಂದಿಟ್ಟ.

"ಕದ್ದು ಒಯ್ದಿದ್ದೆ ಮಾವ. ಧೈರ್ಯ ಸಾಲಲಿಲ್ಲ. ಎರಡನೆಯ ದಿನ ಮೋಡ ಕವಿಯಿತು. ಇದನ್ನೇ ನೋಡುತ್ತ ಕೂತೆ. ಅಡಿಯಲ್ಲಿ ಅಲೆಯ ನಡೆ ಬದಲಾದದ್ದು ತಿಳಿಯಲಿಲ್ಲ. ನನ್ನ ದೋಣಿ ಹೇಗೋ ಪಾರಾಯಿತು. ಅವರದ್ದು ಬಂಡೆಗೆ ಬಡಿಯಿತು."

"ಎಷ್ಟು ಜನ ಸಿಕ್ಕಿದರು?"

"ಯಾರೂ ಸಿಗಲಿಲ್ಲ."

ಮುದುಕ ನಕ್ಷೆಯನ್ನು ತೊಡೆಯ ಮೇಲಿಟ್ಟುಕೊಂಡ.

"ಎಲ್ಲಿ?"

ಲಾಂಜಿಲ್ ಬೆರಳಿಟ್ಟ. ಅಲ್ಲಿ ಕವಡೆ ಇರಲಿಲ್ಲ.

"ಇಲ್ಲಿ ಬಂಡೆಯಿದೆಯೆಂದು ನನಗೂ ಗೊತ್ತಿರಲಿಲ್ಲ. ನನ್ನ ಗುರುವಿಗೂ ಗೊತ್ತಿರಲಿಲ್ಲ" ಎಂದ ಮುದುಕ. ಅಲ್ಲೊಂದು ಕವಡೆ ಕಟ್ಟಿದ. "ವಾಪಸು ಹೇಗೆ ಬಂದೆ?"

"ಮಲಗಿಕೊಂಡೇ ಬಂದೆ. ನಕ್ಷೆ ಹೊರಗೆ ತೆಗೆಯಲಿಲ್ಲ. ಆ ಬಂಡೆಯ ಹತ್ತಿರ ಅಲೆ ಎರಡು ಸಲ ತಡೆದು ನೂಕುತ್ತದೆ. ಹೋಗುವಾಗ ಮಲಗಿದ್ದರೆ ತಿಳಿಯುತ್ತಿತ್ತು ಮಾವ."

"ಹೌದು, ತಿಳಿಯುತ್ತಿತ್ತು."

ಆ ಮಾತು ಲಾಂಜಿಲ್‌ನನ್ನು ಹೊಡೆತಕ್ಕಿಂತ ಹೆಚ್ಚು ನೋಯಿಸಿತು. ಹೊರಗೆ ಮರಳಿನ ಮೇಲೆ ಹತ್ತೊಂಬತ್ತು ಜನ ಕೂತಿದ್ದರು. ಸುದ್ದಿ ಆಗಲೇ ಅವರನ್ನು ಮುಟ್ಟಿತ್ತು. ಯಾರೂ ಇವನತ್ತ ಮುಖ ತಿರುಗಿಸಲಿಲ್ಲ.

"ಇಲ್ಲೇ ಉಳಿದರೆ ಇವರೂ ಸಾಯುತ್ತಾರೆ" ಎಂದ ಲಾಂಜಿಲ್. "ಆದರೆ ಇನ್ನು ನನ್ನ ದೋಣಿ ಯಾರು ಹತ್ತುತ್ತಾರೆ?"

ಮುದುಕ ಎರಡೂ ತೋಳು ಚಾಚಿದ.

"ಮೊದಲು ನನ್ನನ್ನು ಎತ್ತಿಕೊಂಡು ದೋಣಿ ಹತ್ತಿಸು. ಲಿಮೇಜು ಇರುವ ಜಾಗ ಬಂದಾಗ ಹೇಳು. ಎದ್ದು ನೋಡಬೇಡ, ಮಲಗಿಕೊಂಡೇ ಹೇಳು."