ಎದುರಿನ ಚಾಪೆ

ಹೊಳೆದಂಡೆಯ ಗುಡಿಸಲಲ್ಲಿ ಹಾಲಪ್ಪ ಮೇಷ್ಟ್ರು ರಾಜಕೀಯ ವಿಚಾರದ ಪುಟ್ಟ ಪತ್ರಿಕೆಯೊಂದನ್ನು ನಡೆಸುತ್ತಿದ್ದರು. ಓದುವವರು ಕಡಿಮೆ, ಜಗಳಕ್ಕೇನೂ ಕೊರತೆಯಿರಲಿಲ್ಲ.

ಅಲ್ಲೊಂದು ಪದ್ಧತಿ. ಯಾವ ಲೇಖನವೇ ಆಗಲಿ, ಅದನ್ನು ಒಪ್ಪದವರನ್ನು ಎದುರಿಗೆ ಕೂರಿಸಿ ಗಟ್ಟಿಯಾಗಿ ಓದಬೇಕು. ಆಮೇಲೆಯೇ ಅಚ್ಚು.

ಎದುರಿನ ಚಾಪೆಯಲ್ಲಿ ಕೂರುತ್ತಿದ್ದವರು ವಾಮನರಾಯರು. ಮೇಷ್ಟ್ರ ಒಂದು ಮಾತನ್ನೂ ಅವರು ಸುಲಭಕ್ಕೆ ಒಪ್ಪಿದವರಲ್ಲ. ವಾದ ಸಡಿಲವಾದಲ್ಲಿ ಸುಮ್ಮನೆ ಒಮ್ಮೆ ಕೆಮ್ಮುತ್ತಿದ್ದರು, ಅಷ್ಟೆ.

ಹೋದ ಮಳೆಗಾಲದಲ್ಲಿ ರಾಯರು ತೀರಿಕೊಂಡರು. ಮೇಷ್ಟ್ರು ಚಾಪೆ ಹಾಸುವುದನ್ನು ಮಾತ್ರ ಬಿಡಲಿಲ್ಲ. ಪಕ್ಕದಲ್ಲಿ ಒಂದು ಲೋಟ ನೀರು ಬೇರೆ.

ಶಿಷ್ಯ ತಿಪ್ಪೇಶನಿಗೆ ಇದು ಹುಚ್ಚಾಟವೆನಿಸಿತು.

"ಮೇಷ್ಟ್ರೇ, ನಿಮ್ಮ ಕಣ್ಣು ಮಂಜಾಗಿದೆ. ಪತ್ರಿಕೆ ನಿಂತುಹೋದರೆ ನಾನು ಸಹಿಸಲಾರೆ. ನನ್ನ ಕೈಗೆ ಕೊಡಿ."

"ನಿನ್ನ ಲೇಖನ ಆ ಚಾಪೆಗೆ ಓದು. ಓದೋಕಾಗದಿದ್ರೆ ಈ ಸಂಚಿಕೆಯೇ ಕೊನೆ."

"ಖಾಲಿ ಚಾಪೆಗಾ?"

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

ತಿಪ್ಪೇಶ ಓದತೊಡಗಿದ. ಉತ್ತರ ಕೊಡುವವರಿಲ್ಲವೆಂದು ಅವನ ದನಿ ಜೋರಾಗಿಯೇ ಇತ್ತು.

"ಅಧಿಕಾರವೆಲ್ಲ ಊರಿನ ಸಭೆಗೇ ಸಿಕ್ಕರೆ ಅನ್ಯಾಯ ತಾನಾಗಿ ನಿಲ್ಲುತ್ತದೆ" ಎಂಬಲ್ಲಿಗೆ ಬಂದಾಗ ಚಾಪೆಯ ಕಡೆಯಿಂದ ಒಂದು ಒಣ ಕೆಮ್ಮು.

ತಲೆ ಎತ್ತಿದ. ಯಾರೂ ಇಲ್ಲ.

ಅದೇ ಸಾಲನ್ನು ಮತ್ತೆ ಓದಿದ. ಮತ್ತೆ ಕೆಮ್ಮು, ಈ ಸಲ ಇನ್ನೂ ಹತ್ತಿರದಲ್ಲಿ.

ಆ ಸಾಲನ್ನು ಹೊಡೆದುಹಾಕಿದ. "ಆ ಸಭೆಯಲ್ಲಿ ಬಾಯಿ ಬಿಡಲು ಹೆದರುವವರ ಗತಿಯೇನು? ನನಗೆ ಗೊತ್ತಿಲ್ಲ" ಎಂದು ಬರೆದು, ಓದಿದ.

ಹೊಳೆಯ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ.

"ನಿಮಗೂ ಕೇಳಿಸ್ತಾ ಮೇಷ್ಟ್ರೇ?"

"ನನಗೆ ಅಭ್ಯಾಸ."

"ಜೀವನಪೂರ್ತಿ ಕಿತ್ತಾಡಿದವರು ನೀವು. ಅದೆಂಥ ಸ್ನೇಹ?"

"ನಾನು ತಪ್ಪು ಬರೆದಾಗಲೂ ನಮ್ಮ ಕಡೆಯವರೆಲ್ಲ ಭೇಷ್ ಅಂದ್ರು. ಅವನೊಬ್ಬ ಕೆಮ್ಮಿದ."

ತಿಪ್ಪೇಶ ಚಾಪೆ ಸುತ್ತಿಡಲು ಬಗ್ಗಿದ. ಲೋಟದ ನೀರು ಅರ್ಧಕ್ಕಿಳಿದಿತ್ತು. ಚಾಪೆ ಬೆಚ್ಚಗಿತ್ತು. ಅವನು ಹೆದರಿ ಕೈ ಹಿಂದಕ್ಕೆಳೆದುಕೊಂಡ.

"ಇರಲಿ ಬಿಡು," ಎಂದರು ಮೇಷ್ಟ್ರು. "ಪತ್ರಿಕೆ ಇನ್ನು ನಿಂದು. ಮುಂದಿನ ಸಂಚಿಕೆಗೆ ಪಕ್ಕದಲ್ಲೇ ಇನ್ನೊಂದು ಚಾಪೆ ಹಾಸು. ನಾನೂ ಅಲ್ಲೇ ಕೂತಿರ್ತೀನಿ."