ಹೇಝಲ್ ಬಿಟ್ಟ ಮೀನು

ಅಮೆರಿಕದ ಮೊಂಟಾನಾದಲ್ಲಿ ಒಂದು ಹೊಳೆಯ ದಡದಲ್ಲಿ ಎಲ್ವುಡ್ ಎಂಬ ಮುದುಕ ಮೀನು ಹಿಡಿಯುವುದನ್ನು ಕಲಿಸುತ್ತಿದ್ದ. ಗರಿ, ನೂಲು ಸುತ್ತಿದ ಗಾಳವನ್ನು ನೊಣವೆಂದು ನಂಬಿ ಮೀನು ಬಾಯಿ ಹಾಕಬೇಕು, ಅಷ್ಟೇ ವಿದ್ಯೆ. ಅಷ್ಟಕ್ಕೇ ಒಂದು ಜನ್ಮ ಸಾಲದು.

ಶಿಷ್ಯೆ ಹೇಝಲ್ ಮೂರು ವರ್ಷ ಕಲಿತಿದ್ದಳು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವ ಜಾಣೆ. ಮುಪ್ಪಾದ ಗುರುವಿನ ದೋಣಿ ತನಗೇ ಸಿಗಬೇಕೆಂದು ಅವಳಿಗೆ ಬಹಳ ಆಸೆಯಿತ್ತು.

"ಒಂದು ಮೀನು ಹಿಡಿದು, ಮತ್ತೆ ನೀರಿಗೆ ಬಿಡು," ಎಂದ ಎಲ್ವುಡ್. "ಆಮೇಲೆ ಒಂದು ಪ್ರಶ್ನೆ ಕೇಳುತ್ತೇನೆ. ಸರಿಯಾಗಿ ಹೇಳಿದರೆ ದೋಣಿ ನಿನ್ನದು."

ಹೇಝಲ್ ಥರ್ಮಾಮೀಟರ್ ಅದ್ದಿ ನೀರು ಮೀನಿಗೆ ಬೇಕಾದಷ್ಟು ತಣ್ಣಗಿದೆ ಎಂದು ಖಚಿತಪಡಿಸಿಕೊಂಡಳು. ಬಿಡಿಸುವಾಗ ಮೀನಿನ ಬಾಯಿ ಹರಿಯದಿರಲೆಂದು ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದಳು. ಒಂದು ಟ್ರೌಟ್ ಮೀನು ಸಿಕ್ಕಿದಾಗ ಕೈ ಒದ್ದೆ ಮಾಡಿಕೊಂಡು, ನೀರಿನೊಳಗೇ ಗಾಳ ಬಿಡಿಸಿದಳು. ಫೋಟೊ ಕೂಡ ತೆಗೆಯಲಿಲ್ಲ.

ಮೀನು ಮಗ್ಗುಲಿಗೆ ವಾಲಿತು.

ಹೇಝಲ್ ಗಾಬರಿಯಾದಳು. ಅದನ್ನು ಎರಡೂ ಕೈಯಲ್ಲಿ ಆನಿಸಿಕೊಂಡು, ಕಿವಿರಿಗೆ ನೀರು ಹಾಯುವಂತೆ ಹರಿವಿಗೆ ಮುಖಮಾಡಿ ಹಿಡಿದು ಮೊಣಕಾಲೂರಿದಳು.

"ಎಲ್ಲವನ್ನೂ ಸರಿಯಾಗಿಯೇ ಮಾಡಿದೆ, ಗುರುಗಳೇ."

"ನಾನೂ ಮಾಡಿದ್ದೆ. ನನ್ನ ಹುಡುಗತನದಲ್ಲಿ ಹಿಡಿದದ್ದೆಲ್ಲ ಬಾಣಲೆಗೆ. ಆಮೇಲೆ ಫೋಟೊ ತೆಗೆದು ನೀರಿಗೆ ಬಿಡಿ ಎಂದರು. ಈಗ ನೀರಿನಿಂದ ಎತ್ತಲೂ ಬೇಡಿ ಎನ್ನುತ್ತಾರೆ."

"ಅದರಲ್ಲಿ ಯಾವುದು ಸರಿ?"

"ಮಾಡುವಾಗ ಎಲ್ಲವೂ ಸರಿಯಾಗಿಯೇ ಇತ್ತು."

ಹೇಝಲ್‌ಗೆ ತಲೆ ಕೆಟ್ಟುಹೋಯಿತು. "ಇದರ ಬದಲು ಹಿಡಿಯದೇ ಇದ್ದುಬಿಡಬಹುದಲ್ಲ?"

"ಇರಬಹುದು. ಆದರೆ ಹಿಡಿಯುವ ಹುಚ್ಚಿಲ್ಲದಿದ್ದರೆ ನೀನು ಈ ಹೊಳೆಯ ಕಡೆ ತಿರುಗಿ ನೋಡುತ್ತಿದ್ದೆಯಾ?"

ಅವಳ ಬೆರಳುಗಳು ಮರಗಟ್ಟಿದವು. ಬಹಳ ಹೊತ್ತಿನ ಮೇಲೆ ಮೀನು ಬಾಲ ಬಡಿದು, ಕೈಯಿಂದ ಜಾರಿ, ಆಳಕ್ಕೆ ಹೋಯಿತು.

"ಈಗ ಪ್ರಶ್ನೆ," ಎಂದ ಎಲ್ವುಡ್. "ಅದು ಬದುಕುತ್ತದೆಯೇ?"

ಹೇಝಲ್ ಬಾಯಿ ತೆರೆದಳು. ಓದಿದ್ದು, ಕೇಳಿದ್ದು ಎಲ್ಲ ನಾಲಿಗೆಯ ತುದಿಗೆ ಬಂತು. ಆದರೂ ನೀರನ್ನೇ ನೋಡುತ್ತ ನಿಂತಳು. ದೋಣಿ ಕೈತಪ್ಪಿತು ಎಂದು ದುಃಖವಾಯಿತು.

"ಗೊತ್ತಿಲ್ಲ," ಎಂದಳು.

ಎಲ್ವುಡ್ ದೋಣಿಯ ಹಗ್ಗ ಬಿಚ್ಚಿ ಅವಳ ಕೈಗಿಟ್ಟ.

ಅವಳಿಗೆ ಇನ್ನಷ್ಟು ಗೊಂದಲ. "ನಿಮಗಾದರೂ ಉತ್ತರ ಗೊತ್ತಿರಬೇಕಲ್ಲ, ಗುರುಗಳೇ?"

"ನಲವತ್ತು ವರ್ಷದಿಂದ ಮೀನು ಬಿಡುತ್ತಿದ್ದೇನೆ," ಎಂದ ಎಲ್ವುಡ್. "ಒಂದೂ ತಿರುಗಿ ಬಂದು ಹೇಳಿಲ್ಲ."