ಅಳಿಲು ಕೇಳಿದ ತಾರೀಖು

ಹುಣಸೆ ತೋಪಿನ ಪಂಚಾಯಿತಿ ಬಡ ಗೂಡುಗಳಿಗೆ ತಿಂಗಳಿಗೆ ಹತ್ತು ಕವಡೆ ಸಹಾಯಧನ ಕೊಡುತ್ತಿತ್ತು. ಅದರಿಂದ ಪ್ರಯೋಜನವಾಗಿದೆಯೇ ಎಂದು ನೋಡಿ ವರದಿ ಬರೆಯಲು, ಯಾರು ಏನು ಹೇಳಿದರೂ ತಲೆಯಾಡಿಸುವ ಓತಿಕ್ಯಾತವನ್ನು ಕಳಿಸಿತು. ವಿಧವೆ ಅಳಿಲು ಮೂರು ಮರಿಗಳನ್ನೂ ತೊಳೆದು, ಬಾಲ ಬಾಚಿ ಕೂರಿಸಿಕೊಂಡಿತ್ತು. ಕವಡೆ ನಿಂತರೆ ಅವಕ್ಕೆ ಮಳೆಗಾಲದಲ್ಲಿ ಉಪವಾಸವೇ ಗತಿ.

“ಅರ್ಜಿ ಹಾಕಿದಾಗ ಎಷ್ಟು ಮರಿ?” ಎಂದಿತು ಓತಿಕ್ಯಾತ.

“ನಾಲ್ಕು, ಸ್ವಾಮಿ.”

“ಈಗ ಮೂರು. ಕವಡೆ ಕೊಟ್ಟರೂ ಒಂದು ಸತ್ತಿದೆ. ಪ್ರಯೋಜನವಿಲ್ಲ, ನಿಲ್ಲಿಸಬಹುದು ಎಂದು ಬರೆಯುತ್ತೇನೆ.”

ಅಳಿಲಿಗೆ ಮೈ ಉರಿಯಿತು. “ನಾನು ಅರ್ಜಿ ಹಾಕಿದ್ದು ಯುಗಾದಿಗೆ. ನಾವು ನಿಜವಾಗಿ ಬಡವರೇ ಎಂದು ಪಂಚಾಯಿತಿಯವರು ಪರೀಕ್ಷಿಸಿ ಕವಡೆ ಕೊಡಲು ಶುರು ಮಾಡಿದ್ದು ದೀಪಾವಳಿಗೆ. ಕಿರಿಯದು ಗೌರಿ ಹಬ್ಬದ ದಿನವೇ ಹಸಿದು ಸತ್ತಿತು. ಕವಡೆ ಬಂದ ಮೇಲೆ ಒಂದೂ ಸತ್ತಿಲ್ಲ.”

ಓತಿಕ್ಯಾತ ತಲೆಯಾಡಿಸಿತು. “ನಿಜ ತಾಯಿ. ಆದರೆ ತಡವಾದದ್ದನ್ನು ಬರೆಯಲು ವರದಿಯಲ್ಲಿ ಜಾಗವಿಲ್ಲ.”

ಅಳಿಲು ಕೊಂಬೆಗೆ ಅಡ್ಡ ನಿಂತಿತು. “ನನ್ನ ಮಗು ಸತ್ತದ್ದನ್ನು ಬರೆಯಲು ಜಾಗ ಸಿಕ್ಕಿತಲ್ಲ? ಅದರ ಕೆಳಗೆ ಸತ್ತ ತಾರೀಖೂ ಹಾಕಿ. ಹಾಕುವ ತನಕ ಈ ಮರ ಇಳಿಯಲು ಬಿಡುವುದಿಲ್ಲ.”